ತಂತಿಯ ತಪ್ಪಲ್ಲ, ಮಾವ

ಪ್ರೀತಿಯ ಮಾವ,

ಇಲಿಯ ನಮಸ್ಕಾರ. ಆ ಹೆಸರು ಹಿಡಿದು ನೀನು ನನ್ನನ್ನು ಕರೆದು ಹನ್ನೊಂದು ವರ್ಷವಾಯಿತು. ಫೋನ್ ಮಾಡಬಹುದಿತ್ತು. ಮೂರು ಸಲ ನಂಬರ್ ಒತ್ತಿ, ಮೂರು ಸಲವೂ ರಿಂಗ್ ಆಗುವ ಮೊದಲೇ ಇಟ್ಟುಬಿಟ್ಟೆ. ಹೊಟ್ಟೆಪಾಡಿಗೆ ಊರವರ ಫೋನ್‌ಗಳನ್ನೆಲ್ಲ ರಿಪೇರಿ ಮಾಡುವವಳು ಸ್ವಂತ ಸೋದರಮಾವನಿಗೆ ಒಂದು ಕರೆ ಮಾಡಲಾರದೆ ಕಾಗದ ಬರೆಯುತ್ತಿದ್ದೇನೆ. ನಗುವುದಿದ್ದರೆ ನಕ್ಕುಬಿಡು.

ಹೋದ ವಾರ ಕಣ್ಣಾಸ್ಪತ್ರೆಯಿಂದ ಕರೆ ಬಂತು. ಹೌದು, ಅದೇ ಕಣ್ಣಾಸ್ಪತ್ರೆ. "ಬೆಳಿಗ್ಗೆಯಿಂದ ಯಾರು ಮಾಡಿದ್ರೂ ಎಂಗೇಜ್ ಬರ್ತಿದೆಯಂತೆ, ಇಲ್ಲಿ ನೋಡಿದ್ರೆ ಯಾರೂ ಮಾತಾಡ್ತಾನೇ ಇಲ್ಲ" ಅಂದರು. ಹನ್ನೊಂದು ವರ್ಷದ ಹಿಂದೆಯೂ ಇದೇ ದೂರು ಅಲ್ಲವೇ?

ಮೆಟ್ಟಿಲ ಕೆಳಗಿನ ಕೋಣೆ ಹಾಗೇ ಇದೆ, ಮಾವ. ಒಂದು ಕಾಲಿಲ್ಲದ ಕುರ್ಚಿ, ಕಣ್ಣು ಪರೀಕ್ಷೆಯ ಹಳೇ ಅಕ್ಷರಪಟಗಳು, ಗೋಡೆಯ ಮೇಲೆ ನೀನು ಪೆನ್ಸಿಲ್‌ನಲ್ಲಿ ಬರೆದಿಟ್ಟ ತಂತಿಗಳ ಬಣ್ಣದ ಪಟ್ಟಿ. ಡಿಪ್ಲೊಮಾ ಮುಗಿಸಿ ಮನೆಯಲ್ಲಿ ನೊಣ ಹೊಡೆಯುತ್ತಿದ್ದವಳನ್ನು ಅಲ್ಲಿಗೆ ಕರೆತಂದವನು ಆಸ್ಪತ್ರೆಯ ಫೋನ್ ಲೈನ್‌ಮನ್ ಆಗಿದ್ದ ನೀನು. ಮೇಜಿನಡಿ ನುಸುಳುವ ಕೆಲಸವೆಲ್ಲ ನನ್ನದು. "ನನ್ನ ಹೊಟ್ಟೆ ಒಪ್ಪಲ್ಲ, ಇಲಿ ಹೋಗ್ಲಿ" ಅನ್ನುತ್ತಿದ್ದೆ ನೀನು. ಒಮ್ಮೆ ಒದ್ದೆ ಕೈಯಲ್ಲಿ ತಂತಿ ಹಿಡಿದಾಗಲೇ ಹೊರಗಿನಿಂದ ರಿಂಗ್ ಬಂದು, ಶಾಕ್ ಹೊಡೆದು ನೀನು ಕುಣಿದ ಕುಣಿತ ನೆನಪಿದೆಯೇ? "ತಂತಿಗೆ ನನ್ನ ಕಂಡ್ರೆ ಪ್ರೀತಿ ಜಾಸ್ತಿ" ಎಂದು ಕೈ ಒದರಿದ್ದೆ. ಆ ದಿನಗಳಷ್ಟು ನಾನು ಮತ್ತೆಂದೂ ನಕ್ಕಿಲ್ಲ.

ಆಮೇಲೆ ನನ್ನ ಕಂಪ್ಯೂಟರ್ ಬಂತು. ಯಾರು ಬೇಕಾದರೂ ಬಿಚ್ಚಿ ತಿದ್ದಬಹುದಾದ ಮುಕ್ತ ತಂತ್ರಾಂಶ, ಪೆಟ್ಟಿಗೆಯ ಹೊಟ್ಟೆಯಲ್ಲಿ ಫೋನ್ ಲೈನನ್ನು ಎತ್ತುವ, ಇಡುವ ಒಂದು ಲೈನ್ ಕಾರ್ಡ್. ಹೊರಗಿನಿಂದ ಬರುವ ನಿನ್ನ ತಂತಿ ಆ ಕಾರ್ಡಿಗೆ ಸೇರಬೇಕು. ಸಂಜೆ ಆಸ್ಪತ್ರೆ ಮುಚ್ಚಿದ ಮೇಲೆ ಅದೇ ಫೋನೆತ್ತಿ, ಆ ಕಡೆಯವರು ಇಡುವವರೆಗೂ ನಾಳೆ ಬನ್ನಿ ಎಂದು ಹೇಳುತ್ತಲೇ ಇರುತ್ತಿತ್ತು. ನೆಲದ ಮೇಲೆ ನನ್ನ ಕಾಲೇ ನಿಲ್ಲುತ್ತಿರಲಿಲ್ಲ. ತಿಂಗಳೊಳಗೆ ಅದು ರಾತ್ರಿಯ ಕರೆಯನ್ನು ಬಿಡದೆ ಬೆಳಿಗ್ಗೆಯೂ ಲೈನ್ ಕಚ್ಚಿಕೊಂಡು ಕೂರುವ ಕಾಟ ಶುರುವಾಯಿತು. ನೀನು ತಂತಿಗೆ ಕಿವಿಗೊಟ್ಟು, ಬೆರಳಲ್ಲಿ ಮೇಜು ತಟ್ಟುತ್ತಾ, "ಆ ಕಡೆಯೋರು ಫೋನ್ ಇಟ್ಮೇಲೆ ಬರೋ ಟೋನ್ ನಮ್ಮಲ್ಲಿ ನಿಧಾನ ಕಣೇ. ನಿನ್ನ ಪೆಟ್ಟಿಗೆಗೆ ಈ ತಾಳ ಗೊತ್ತಾ ನೋಡು" ಅಂದೆ. ನಾನು ನೋಡಲಿಲ್ಲ. ಕಂಪ್ಯೂಟರ್ ಮುಟ್ಟಲೂ ಬಾರದವನು ನನಗೆ ಪಾಠ ಹೇಳುವುದೇ ಎಂಬ ಕೊಬ್ಬು.

ಅಷ್ಟರಲ್ಲಿ ಆಪರೇಷನ್ ಆದ ಕಣ್ಣಿನ ಹೊಲಿಗೆ ಬಿಚ್ಚಿಹೋಗಿ ಒಬ್ಬ ಮೇಷ್ಟ್ರು ಅರ್ಧ ದಿನ ಫೋನ್ ಮಾಡಿದರೂ ಸಿಗಲಿಲ್ಲ. ಪುಣ್ಯಕ್ಕೆ ಕಣ್ಣು ಉಳಿಯಿತು. ದೊಡ್ಡ ಡಾಕ್ಟರು ಕೆಂಡವಾಗಿ, ತಪ್ಪು ಯಾರದೆಂದು ಬರೆದುಕೊಡಲು ಹೇಳಿದರು. ನಾನು ದುರಸ್ತಿ ಪುಸ್ತಕದಲ್ಲಿ ಬರೆದೆ: ಕಾರ್ಡು ಸರಿಯಾಗಿದೆ, ಲೈನ್‌ಮನ್ ಹಾಕಿದ ಜೋಡಣೆಯಲ್ಲಿ ದೋಷ. ನೀನು ಓದಿದೆ. "ತಂತಿ ಸುಳ್ಳು ಹೇಳಲ್ಲ ಕಣೇ" ಎಂದಷ್ಟೇ ಹೇಳಿ, ಕೋಣೆಯ ಬೀಗದ ಕೈ ಮೇಜಿನ ಮೇಲಿಟ್ಟು ಹೋದೆ. ಮರುದಿನದಿಂದ ಫೋನ್ ಸರಿಹೋಯಿತು. ಇನ್ನೇನು ಸಾಕ್ಷಿ ಬೇಕಿತ್ತು? ಊರೆಲ್ಲ ನಿನ್ನದೇ ತಪ್ಪೆಂದಿತು, ನಾನೂ ನಂಬಿದೆ. ನೀನು ಊರು ಬಿಟ್ಟೆ, ನನ್ನ ಮದುವೆಗೂ ಬರಲಿಲ್ಲ. ಅಮ್ಮ ತಮ್ಮನನ್ನೂ ಬಿಡಲಾರದೆ ಮಗಳನ್ನೂ ಬೈಯಲಾರದೆ ಒಳಗೊಳಗೇ ಬೆಂದಳು.

ಮೊನ್ನೆ ಸಂಜೆ ಒಬ್ಬಳೇ ಕೂತು ಪರೀಕ್ಷೆ ಮಾಡಿದೆ. ನನ್ನ ಮೊಬೈಲಿನಿಂದ ಆಸ್ಪತ್ರೆಗೆ ಕರೆ ಮಾಡಿ, ಸಂದೇಶ ಕೇಳಿ ಇಟ್ಟೆ. ಕಾರ್ಡು ಲೈನ್ ಬಿಡಲಿಲ್ಲ. ಕಿವಿಗೊಟ್ಟೆ. ಟೋನು ಮುಕ್ಕಾಲು ಸೆಕೆಂಡ್ ಕೂಗಿ ಮುಕ್ಕಾಲು ಸೆಕೆಂಡ್ ಸುಮ್ಮನಿರುತ್ತಿತ್ತು. ಕಾರ್ಡಿಗೆ ನಾನು ಹೇಳಿಟ್ಟಿದ್ದು ಅರ್ಧ ಸೆಕೆಂಡ್. ತಂತ್ರಾಂಶದ ಜೊತೆ ಬಂದ ಮಾದರಿ ಫೈಲು ಯಾವುದೋ ಬೇರೆ ದೇಶದ್ದು. ಅದನ್ನು ಕಣ್ಣುಮುಚ್ಚಿ ನಕಲು ಮಾಡಿದ್ದೆ, ಅದೂ ಕಣ್ಣಾಸ್ಪತ್ರೆಯಲ್ಲಿ! ಎರಡು ಅಂಕಿ ತಿದ್ದಿದೆ. ಹತ್ತು ಸಲ ಕರೆ ಮಾಡಿ ಇಟ್ಟೆ, ಹತ್ತು ಸಲವೂ ಕಾರ್ಡು ಲೈನ್ ಬಿಟ್ಟಿತು.

ಹಾಗಾದರೆ ಹನ್ನೊಂದು ವರ್ಷ ಇದು ನಡೆದದ್ದು ಹೇಗೆ? ಹೋದ ತಿಂಗಳು ನಿವೃತ್ತಳಾದ ರಿಸೆಪ್ಷನ್ ಅಕ್ಕನ ಮನೆಗೆ ಹೋಗಿ ಕೇಳಿದೆ. "ಅಯ್ಯೋ, ನಾನು ದಿನಾ ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಆ ಕಂಪ್ಯೂಟರ್ ಪೆಟ್ಟಿಗೇನ ಒಂದ್ಸಲ ಆಫ್ ಮಾಡಿ ಆನ್ ಮಾಡ್ತಿದ್ದೆ. ನಿಮ್ಮ ಮಾವ ಕೆಲಸ ಬಿಟ್ಟ ದಿನ ಹೇಳಿಕೊಟ್ಟು ಹೋಗಿದ್ರು. 'ಹುಡುಗಿಗೆ ಮಾತ್ರ ಹೇಳ್ಬೇಡಿ, ಹೊಸ ಕೆಲಸ, ನೊಂದ್ಕೋತಾಳೆ' ಅಂದ್ರು. ನಿನಗೆ ಗೊತ್ತೇ ಇರ್ಲಿಲ್ವಾ?"

ಗೊತ್ತಿರಲಿಲ್ಲ, ಮಾವ. ಅವರ ಮನೆಯ ಮೆಟ್ಟಿಲ ಮೇಲೆ ಕೂತು ಅತ್ತೆ.

ನಿನ್ನೆ ಆ ಹಳೇ ದುರಸ್ತಿ ಪುಸ್ತಕ ಹುಡುಕಿಸಿ, ನಾನು ಬರೆದ ಸಾಲಿಗೆ ಅಡ್ಡಗೆರೆ ಎಳೆದು, ತಪ್ಪು ನನ್ನದೆಂದು ಬರೆದು ಸಹಿ ಹಾಕಿದೆ. "ಈಗ್ಯಾಕಮ್ಮ, ಹಳೇ ಕಥೆ" ಅಂದರು ದೊಡ್ಡ ಡಾಕ್ಟರು. ಅವರೂ ಪಕ್ಕದಲ್ಲಿ ಸಹಿ ಹಾಕುವವರೆಗೆ ನಾನು ಅಲ್ಲಿಂದ ಕದಲಲಿಲ್ಲ. ಅಮ್ಮನಿಗೂ ಹೇಳಿದೆ. ಅವಳು ಭಾನುವಾರದ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು. ಇಬ್ಬರೂ ಬರುತ್ತೇವೆ. ಅಲ್ಲಿ ಕಿವಿ ಹಿಂಡು, ಬೈ, ಬಾಗಿಲು ಹಾಕಿಕೋ. ಒಂದನ್ನು ಮಾತ್ರ ಬೇಡಿಕೊಳ್ಳುತ್ತೇನೆ: ಇನ್ನು ಮೇಲೆ ನನ್ನ ತಪ್ಪನ್ನು ನನ್ನಿಂದ ಬಚ್ಚಿಡಬೇಡ. ಹೊರಲು ಕಲಿತಿದ್ದೇನೆ.

ನೂರು ಕಾಲ ಚೆನ್ನಾಗಿರು. ಭಾನುವಾರದವರೆಗೆ ಎಲ್ಲಿಗೂ ಹೋಗಬೇಡ.

ಇತಿ,
ನಿನ್ನ ಅಕ್ಕನ ಮಗಳು