ಬಿದಿರಿನ ಪರದೆಯ ಆಚೆ

ಬಸ್ ನಿಲ್ದಾಣ,
ಸೋಮವಾರ ಮಧ್ಯಾಹ್ನ

ನನ್ನ ಚಿನಕುರಳಿಗೆ,

ಅಮ್ಮನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ, ನಿಮ್ಮಪ್ಪನೂ ಚೆನ್ನಾಗಿದ್ದಾರೆ. ನೀನು ಇದನ್ನು ನಂಬುವುದಿಲ್ಲವೆಂದು ಗೊತ್ತು, ಆದರೂ ಕಾಗದ ಹೀಗೆಯೇ ಶುರುವಾಗಬೇಕಲ್ಲ.

ಇವತ್ತು ನೀನು ಕೆಲಸ ಮಾಡುವ ಜಪಾನಿ ಹೋಟೆಲಿಗೆ ಊಟಕ್ಕೆ ಹೋಗಿದ್ದೆ. ನನ್ನ ಹತ್ತಿರ ರವಿಕೆ ಹೊಲಿಸುವ ಒಬ್ಬಾಕೆ ನಿನ್ನನ್ನು ಅಲ್ಲಿ ನೋಡಿದೆ ಎಂದಿದ್ದಳು. ಅದೆಂಥ ಹೋಟೆಲೇ ತಾಯಿ. ಒಬ್ಬೊಬ್ಬರಿಗೂ ಒಂದೊಂದು ಗೂಡು, ಎರಡು ಪಕ್ಕಕ್ಕೂ ಹಲಗೆ, ಎದುರಿಗೆ ಬಿದಿರಿನ ಪುಟ್ಟ ಪರದೆ. ಪರೀಕ್ಷೆ ಬರೆಯಲು ಕೂರಿಸಿದ ಹಾಗಿತ್ತು. ಬಡಿಸುವವರ ಮುಖವೇ ಕಾಣುವುದಿಲ್ಲ. ಪರದೆಯ ಕೆಳಗಿನಿಂದ ಎರಡು ಕೈ ಬಂದು ನೀರಿಟ್ಟು, ಬಟ್ಟಲಿಟ್ಟು ಹೋಗುತ್ತವೆ. ಸುತ್ತ ಎಲ್ಲರೂ ಸೊರ್ ಸೊರ್ ಎಂದು ನೂಡಲ್ಸ್ ಎಳೆಯುತ್ತಿದ್ದರು. ಚಿಕ್ಕವಳಿದ್ದಾಗ ಹಾಗೆ ಸದ್ದು ಮಾಡಿದ್ದಕ್ಕೆ ನಿನಗೆಷ್ಟು ಬೈದಿದ್ದೇನೆ. ಅಲ್ಲಿ ಅದೇ ಮರ್ಯಾದೆಯಂತೆ.

ನೀರಿಟ್ಟ ಕೈಯನ್ನು ನೋಡಿದೆ. ಸಪೂರ ಬೆರಳು, ಗಿಡ್ಡ ಉಗುರು, ಮಣಿಕಟ್ಟಿನ ಹತ್ತಿರ ಸುಟ್ಟ ಕಲೆ. ಹೆತ್ತವಳಿಗೆ ಗುರುತು ಸಿಗದೇ ಅಂದುಕೊಂಡು ಗಬಕ್ಕನೆ ಹಿಡಿದುಕೊಂಡೆ. ಬಿಟ್ಟರೆ ಮತ್ತೆ ಸಿಗಲಾರದೆಂದು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಇನ್ನು ಆ ಮನೇಲಿ ನನ್ನ ಕೈಲಿ ಆಗಲ್ಲ ಕಣೇ, ಬ್ಯಾಗ್ ತಂದಿದೀನಿ, ನಿನ್ನ ರೂಮಲ್ಲಿ ಒಂದು ಚಾಪೆ ಹಾಸೋಷ್ಟು ಜಾಗ ಕೊಡು ಸಾಕು, ಅಂತ. ಹಿಂದಿನ ಸಲ ನನ್ನ ಬೆನ್ನು ಹಿಡಿದು ಬಂದ ನಿಮ್ಮಪ್ಪ ನೀನಿದ್ದ ಬೇಕರಿಯ ಮುಂದೆ ರಂಪ ಮಾಡಿದ್ದು, ನಿನ್ನ ಕೆಲಸ ಹೋಗಿದ್ದು ಮರೆತಿಲ್ಲ, ಈ ಸಲ ಯಾರಿಗೂ ಸುಳಿವು ಸಿಗದ ಹಾಗೆ ಬಸ್ ಬದಲಿಸಿ ಬಂದಿದೀನಿ ಅಂತಲೂ ಹೇಳಿದೆ.

ಆ ಕೈ ಬಿಡಿಸಿಕೊಳ್ಳಲಿಲ್ಲ. ಮೆಲ್ಲಗೆ ಪರದೆ ಮೇಲೆ ಹೋಯಿತು. ನೋಡಿದರೆ ಯಾರೋ ಹುಡುಗಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮನೆಯ ಗುಟ್ಟನ್ನೆಲ್ಲ ಗುರುತಿಲ್ಲದವಳ ಮುಂದೆ ಸುರಿದಿದ್ದೆ. ಅವಳ ಕಣ್ಣೂ ತುಂಬಿತ್ತು, ಅವಳಿಗೆ ನಾನೇ ಸಮಾಧಾನ ಹೇಳಬೇಕಾಯಿತು. ನಿನ್ನ ಹೆಸರು ಹೇಳಿ ವಿಚಾರಿಸಿದೆ. ಒಳಗೆ ಹೋಗಿ ಬಂದು, ಅವಳು ಕೆಲಸ ಬಿಟ್ಟು ಹೋದಳು ಆಂಟಿ, ಎಲ್ಲಿಗೆ ಅಂತ ಗೊತ್ತಿಲ್ಲ, ಊಟ ಮಾಡ್ಕೊಂಡು ಹೋಗಿ, ಅಂದಳು.

ಬಟ್ಟಲು ಬಂತು. ತಿಂದೆ. ಸಾರು ಬಿಸಿಯಾಗಿ ಚೆನ್ನಾಗಿತ್ತು.

ಈಗ ಬಸ್ಸಿಗೆ ಕಾಯುತ್ತಿದ್ದೇನೆ. ಮನೆಗೇ ಹೋಗುತ್ತೇನೆ, ಇನ್ನೆಲ್ಲಿಗೆ? ನಿನ್ನ ಚಿಕ್ಕಮ್ಮ ನಿಮ್ಮಪ್ಪನ ಬಾಯಿಗೆ ಹೆದರಿ ಎಂದೋ ಬಾಗಿಲು ಹಾಕಿಕೊಂಡಳು. ಅವರು ಕೆಲಸದಿಂದ ಬರುವಷ್ಟರಲ್ಲಿ ಸೀರೆಗಳನ್ನು ಬೀರುವಿನಲ್ಲಿ ಜೋಡಿಸಿಟ್ಟರೆ ನಾನು ಹೊರಟಿದ್ದೇ ತಿಳಿಯುವುದಿಲ್ಲ. ತುಂಬಾ ದುಃಖವಾಗಿದೆ ಮಗಳೇ. ಅದನ್ನು ನಯವಾಗಿ ಹೇಳಲು ನನಗೆ ಬಾರದು. ಈ ಕಾಗದವನ್ನು ಹೋಟೆಲಿನ ವಿಳಾಸಕ್ಕೇ ಹಾಕುತ್ತೇನೆ. ನೀನು ಎಂದಾದರೂ ಆ ಕಡೆ ಹೋದರೆ ಆ ಹುಡುಗಿ ಕೊಟ್ಟಾಳು.

ಬೇರೆಯವರಿಗೆ ಬಡಿಸುವ ಭರದಲ್ಲಿ ನೀನು ಹಸಿದುಕೊಂಡಿರಬೇಡ.

ನಿನ್ನ,
ಅಮ್ಮ

ತಾ.ಕ.: ಕಾಗದ ಮಡಿಸಿಯಾಗಿತ್ತು, ಮನಸ್ಸು ತಡೆಯದೆ ಮತ್ತೆ ಬಿಡಿಸಿದೆ. ಎದ್ದು ಬರುವಾಗ ಪಕ್ಕದ ಗೂಡಿನವನ ಬಟ್ಟಲು ಕಣ್ಣಿಗೆ ಬಿತ್ತು. ಅವನ ನೂಡಲ್ಸ್ ಮಾರುದ್ದ ಇತ್ತು. ನನ್ನದನ್ನು ಯಾರೋ ಕತ್ತರಿ ಹಿಡಿದು ಸಣ್ಣಸಣ್ಣಗೆ ಕತ್ತರಿಸಿದ್ದರು. ನಿಮ್ಮಪ್ಪ ನನ್ನನ್ನು ಬಾಗಿಲಿಗೆ ನೂಕಿದಂದಿನಿಂದ ನನ್ನ ದವಡೆ ಪೂರ್ತಿ ತೆರೆಯುವುದಿಲ್ಲ. ಹಾಗೆ ಕತ್ತರಿಸಿ ಕೊಟ್ಟರಷ್ಟೇ ತಿನ್ನಬಲ್ಲೆ ಎಂದು ಬಲ್ಲವಳು ಪ್ರಪಂಚದಲ್ಲಿ ಒಬ್ಬಳೇ. ಹೆದರಬೇಡ. ಯಾರಿಗೂ ಹೇಳುವುದಿಲ್ಲ, ಮತ್ತೆ ಬರುವುದೂ ಇಲ್ಲ. ಕೆಲಸ ಉಳಿಸಿಕೋ.