ಬನಹಟ್ಟಿಯ ನಲವತ್ತು ಬೀಗಗಳು

ಜಮಖಂಡಿ
ಏಪ್ರಿಲ್ 24, 2024

ಅಕ್ಕ ಶೇವಂತಿಗೆ,

ತಮ್ಮ ಗಿರಮಲ್ಲಪ್ಪನ ನಮಸ್ಕಾರ. ನಾವೆಲ್ಲ ಆರಾಮ ಇದ್ದೇವೆ; ಈ ಬಿಸಿಲಿಗೆ ನಿನ್ನ ಮೊಣಕಾಲು ಹೇಗಿದೆಯೋ ತಿಳಿಯದು. ರಬಕವಿ ಇಲ್ಲಿಂದ ಅರ್ಧ ತಾಸಿನ ದಾರಿ. ಅಷ್ಟು ದಾರಿಗೆ ಅಂಚೆಚೀಟಿ ಹಚ್ಚುವವನು ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಏನು ಮಾಡಲಿ, ಹನ್ನೊಂದು ವರ್ಷದಿಂದ ನೀನು ನನ್ನ ಫೋನ್ ಎತ್ತುವುದಿಲ್ಲ. ಮನೆಗೆ ಬಂದರೆ ಒಂದು ಕಪ್ ಚಹಾ ಇಟ್ಟು ಒಳಗೆ ಹೋಗಿಬಿಡುತ್ತೀ. ಕಾಗದವನ್ನಾದರೂ ಓದಬಹುದು ಎಂಬ ಆಸೆ. ಯುಗಾದಿಗೆ ಮುಂಚೆಯೇ ಬರೆಯಲು ಕೂತಿದ್ದೆ, ಮೊದಲ ಸಾಲು ದಾಟಲಿಲ್ಲ. ತಡವಾಯಿತೆಂದು ಬೈಯಬೇಡ.

ಸಂಕ್ರಾಂತಿಯ ದಿನ ಬನಹಟ್ಟಿಯಲ್ಲಿ ನಲವತ್ತು ನೇಕಾರ ಕುಟುಂಬಗಳಿಗೆ ನಾನು ಕಟ್ಟಿಸಿದ ಮನೆಗಳ ಕೀಲಿ ಕೊಟ್ಟದ್ದು ನಿನಗೆ ಗೊತ್ತೇ ಇದೆ. ಪೇಪರಿನಲ್ಲಿ ಬಂದಿತ್ತು, ನನ್ನ ಹೊಟ್ಟೆ ಸ್ವಲ್ಪ ದೊಡ್ಡದಾಗಿಯೇ ಬಂದಿತ್ತು. ಮುಧೋಳದಲ್ಲಿ ಬಡಾವಣೆ ಮಾಡಿದ್ದೇನೆ, ಬೀಳಗಿಯಲ್ಲಿ ಬಡವರ ಲಗ್ನಕ್ಕೆ ಮಂಟಪ ಕಟ್ಟಿಸಿದ್ದೇನೆ, ಲೋಕಾಪುರದಲ್ಲಿ ದವಾಖಾನೆಗೆ ಜಾಗ ಕೊಟ್ಟಿದ್ದೇನೆ. ಆದರೆ ಹುಟ್ಟಿದ ಊರಿಗೆ ಏನಾದರೂ ಮಾಡಬೇಕೆಂಬುದು ಬಹಳ ದಿನದ ಹಂಬಲ. ಎರಡು ಖೋಲಿ, ಅಡುಗೆಮನೆ, ನಲ್ಲಿ ನೀರು, ನೆಲಕ್ಕೆಲ್ಲ ಹಾಲಿನ ಬಣ್ಣದ ಟೈಲ್ಸ್. ಮುಧೋಳದಲ್ಲಿ ರೊಕ್ಕ ಕೊಟ್ಟು ಕೊಂಡವರಿಗೆ ಯಾವ ಟೈಲ್ಸ್ ಹಾಕಿದ್ದೆನೋ ಅದನ್ನೇ ಇಲ್ಲಿಯೂ ಹಾಕಿಸಿದೆ.

ಅಕ್ಕ, ಎರಡು ತಿಂಗಳಾದರೂ ಒಂದು ಸಂಸಾರವೂ ಬಂದು ನಿಲ್ಲಲಿಲ್ಲ. ಎಲ್ಲರೂ ಹಾಲು ಉಕ್ಕಿಸಿದರು, ಗೋಡೆಗೆ ಕ್ಯಾಲೆಂಡರ್ ಹಾಕಿದರು, ಹೊಸ ಬೀಗ ಜಡಿದರು, ಸೋರುವ ತಗಡಿನ ಮನೆಗೆ ತಿರುಗಿ ಹೋದರು. ಕೀಲಿ ಮರಳಿಸಿದವರೂ ಒಬ್ಬರಿಲ್ಲ. ನಾನು ಮೂವತ್ತು ವರ್ಷ ಮನೆ ಮಾರಿದವನು. ಬೇಡವೆಂದವರನ್ನು ನೋಡಿದ್ದೇನೆ, ಚೌಕಾಶಿ ಮಾಡುವವರನ್ನು ನೋಡಿದ್ದೇನೆ. ಪುಕ್ಕಟೆ ಮನೆಯನ್ನು ಬೇಡ ಎನ್ನದೆ ಬಿಟ್ಟುಹೋಗುವವರನ್ನು ನೋಡಿರಲಿಲ್ಲ. ಇದೇನೆಂದು ತಿಳಿಯದೆ ನನಗೆ ಊಟ ಸೇರದಂತಾಯಿತು.

ನನ್ನ ಮ್ಯಾನೇಜರ್ ಕಾಮಣ್ಣ, "ವಾಸ್ತು ಸರಿ ಇಲ್ಲರಿ ಸಾಹೇಬ್ರ, ಅದಕ್ಕ ಹೆದರ್‍ಯಾರ" ಎಂದ. ಲೋಕಾಪುರದಿಂದ ಒಬ್ಬರನ್ನು ಕರೆಸಿದೆವು. ಅವರು ಕಾಲೊನಿಯ ಗೇಟನ್ನು ಹತ್ತು ಹೆಜ್ಜೆ ಆಚೆ ಸರಿಸಿ, ಶಾಲು ಹೊದಿಸಿಕೊಂಡು ಹೋದರು. ಯಾರೂ ಬರಲಿಲ್ಲ. ನೀರು ಸವಳೇನೋ ಎಂದು ಎಂಟು ದಿನ ಅದೇ ನೀರು ತರಿಸಿ ಕುಡಿದೆ. ಜಾಗದಲ್ಲಿ ಹಿಂದೆ ಸುಡುಗಾಡು ಇತ್ತೇನೋ ಎಂದು ಹಳೆಯ ಕಾಗದಪತ್ರ ತೆಗೆಸಿದೆ, ಅಲ್ಲಿ ಬರೀ ಜೋಳ ಬೆಳೆದಿತ್ತು.

ಕೊನೆಗೆ ಕಾರು ಬಿಟ್ಟು, ಕಾಮಣ್ಣನ ಸ್ಕೂಟರ್ ತೆಗೆದುಕೊಂಡು, ತಲೆಗೆ ಟವೆಲ್ ಸುತ್ತಿ ನಾನೇ ಮನೆ ಮನೆ ತಿರುಗಿದೆ. ಮೊದಲ ಮನೆಯ ಬಾಳೇಶನನ್ನು ಕೇಳಿದೆ, "ಮನಿ ಹೆಂಗ ಅದಾವೋ?"

"ಅರಮನಿ ಆಗ್ಯಾವ್ರಿ ಸಾಹುಕಾರ."

"ಮತ್ತ ಯಾಕ ಹೋಗಿಲ್ಲ?"

"ಹೋಗತೇವ್ರಿ. ಶ್ರಾವಣ ಒಂದ ಬರ್ಲಿ."

ಮುಂದಿನ ಮನೆಯಲ್ಲಿ ಮಗಳ ಪರೀಕ್ಷೆ, ಅದರಾಚೆ ಎಮ್ಮೆ ಗಬ್ಬ. ಎಲ್ಲರೂ ನನ್ನನ್ನು ಹೊಗಳಿದರು, ಯಾರೂ ಕಾರಣ ಹೇಳಲಿಲ್ಲ. ಹನ್ನೆರಡು ಮನೆ ತಿರುಗಿ ಹನ್ನೆರಡು ಕಪ್ ಚಹಾ ಕುಡಿದು ಹೊಟ್ಟೆ ಉರಿಯತೊಡಗಿತು.

ಹದಿಮೂರನೆಯದು ಶಂಕ್ರೆವ್ವನ ಮನೆ. ಅವ್ವನ ಓರಗೆಯವಳು, ಇನ್ನೂ ನೇಯುತ್ತಾಳೆ. ನನ್ನನ್ನು ನೋಡಿಯೂ ಲಾಳಿ ನಿಲ್ಲಿಸಲಿಲ್ಲ, "ಕೂಡು" ಎಂದಳು. ನೆಲದ ಮೇಲೆ ಕೂತೆ.

"ಆಯಿ, ನೀನರ ಖರೆ ಹೇಳು. ನನ್ನ ಮನ್ಯಾಗ ಏನ್ ಕಮ್ಮಿ ಆತು?"

"ನನ್ನ ಕಾಲು ಎಲ್ಲಿ ಅದಾವ ನೋಡಲೇ" ಎಂದಳು.

ಬಗ್ಗಿ ನೋಡಿದೆ. ಮಗ್ಗದ ಕೆಳಗಿನ ತಗ್ಗಿನಲ್ಲಿ, ತುಳಿಯುವ ಪಟ್ಟಿಗಳ ಮೇಲೆ ಇದ್ದವು.

"ನೀ ಕೊಟ್ಟ ಮನ್ಯಾಗ ಇವನ್ನ ಎಲ್ಲಿ ಇಳಿಬಿಡ್ಲಿ?"

ಕೈಮಗ್ಗಕ್ಕೆ ನೆಲ ಅಗೆದ ತಗ್ಗು ಬೇಕು, ಮಣ್ಣಿನ ತಂಪು ಬೇಕು, ಇಲ್ಲದಿದ್ದರೆ ನಮ್ಮ ಬಿಸಿಲಿಗೆ ಎಳೆ ಎಳೆಯಾಗಿ ದಾರ ಹರಿಯುತ್ತದೆ. ಇದನ್ನು ನಕ್ಷೆ ಹಾಕಿದ ಮೈಸೂರಿನ ಎಂಜಿನಿಯರ್ ಮರೆತರೆ ಮಾತು ಬೇರೆ. ನಾನು ನೇಕಾರನ ಮಗ. ತೆವಳುವ ವಯಸ್ಸಿನಲ್ಲಿ ಆ ತಗ್ಗಿನಲ್ಲಿ ಬಿದ್ದು ಹಣೆ ಒಡೆದುಕೊಂಡವನು, ಹದಿನಾರರವರೆಗೆ ಅದರಲ್ಲೇ ಕಾಲಿಟ್ಟು ನೇಯ್ದವನು. ನಲವತ್ತು ಮನೆಗಳ ನಕ್ಷೆಗೆ ಸಹಿ ಮಾಡಿದೆ, ಒಂದರಲ್ಲೂ ಅದು ಇಲ್ಲವೆಂದು ಕಣ್ಣಿಗೆ ಬೀಳಲಿಲ್ಲ. ನನಗೆ ನನ್ನ ಮೇಲೇ ನಾಚಿಕೆಯಾಯಿತು.

"ನೀವ ಟೈಲ್ಸ್ ಒಡದು ತಗ್ಗು ತೋಡಬೇಕಿತ್ತಲ್ಲ?" ಎಂದೆ.

"ಕೊಟ್ಟಾಂವನ ಕಣ್ಮುಂದ ಅಂವ ಕೊಟ್ಟದ್ದನ್ನ ಹೆಂಗ ಒಡೀತಾರೋ? ನಿನಗ ಬ್ಯಾಸರ ಆಗಬಾರ್ದು ಅಂತ ಮಂದಿ ಸುಮ್ಮ ಅದಾರ." ಆಮೇಲೆ ಲಾಳಿ ನಿಲ್ಲಿಸಿ ಹೇಳಿದಳು, "ಟೈಲ್ಸ್ ಹಾಕೂ ದಿನ ನಿಮ್ಮ ಶೇವಂತಿ ಬಂದಿದ್ಲು. ಬಾಗಿಲದಾಗ ನಿಂತು ನೆಲ ನೋಡಿದ್ಲು. 'ತಮ್ಮಗ ಹೇಳಬಾರ್ದೇನ?' ಅಂದೆ ನಾ. 'ಒಮ್ಮಿ ಹೇಳೇನಿ, ಸಾಕು' ಅಂದು ಹೊಂಟ ಹೋದ್ಲು."

ನೀನು ಬಂದದ್ದು ನನಗೆ ಗೊತ್ತಿರಲಿಲ್ಲ. ಆ ಮಾತು ಕೇಳಿದ ಮೇಲೆ ಸ್ಕೂಟರಿನ ಕೀಲಿ ಎಲ್ಲಿಟ್ಟೆನೆಂದು ಬಹಳ ಹೊತ್ತು ಹುಡುಕಿದೆ, ಅದು ಕೈಯಲ್ಲೇ ಇತ್ತು.

ಮಾರನೆಯ ದಿನವೇ ಗಾರೆಯವರನ್ನು ಕರೆಸಿ ನೆಲ ಒಡೆಸಲು ಶುರು ಮಾಡಿದೆ. ಎಲ್ಲ ಮನೆಗೂ ಒಂದೇ ಅಳತೆ ಕೊಡಲು ಹೋದರೆ ಹೆಂಗಸರು ನಕ್ಕರು. ಒಬ್ಬೊಬ್ಬರ ಕಾಲು ಒಂದೊಂದು ಉದ್ದ, ತಗ್ಗೂ ಹಾಗೆಯೇ ಆಗಬೇಕಂತೆ. ಈಗ ಶಂಕ್ರೆವ್ವ ಮೊಣಕಾಲಿನಿಂದ ಹಿಮ್ಮಡಿಯವರೆಗೆ ದಾರ ಹಿಡಿದು ಅಳೆಯುತ್ತಾಳೆ, ನಾನು ಬಾಗಿಲ ಹೊರಗೆ ನಿಂತು ಬರೆದುಕೊಳ್ಳುತ್ತೇನೆ. ಕಾಮಣ್ಣ ಇದನ್ನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಆರು ಮನೆ ಮುಗಿದಿವೆ. ಸೋಮವಾರ ಬಾಳೇಶ ಹೆಂಡತಿ ಮಕ್ಕಳೊಂದಿಗೆ ಬಂದ, ಶ್ರಾವಣಕ್ಕೆ ಕಾಯಲಿಲ್ಲ. ಅವನ ಮಗ್ಗದ ಸಪ್ಪಳ ಕೇಳಿ ನನಗೆ ಅಳು ಬಂತು, ಮುಚ್ಚಿಡುವುದೇನು.

ಇನ್ನು ಮೂವತ್ನಾಲ್ಕು ಮನೆಗಳಿವೆ. ಮಗ್ಗ ಕಿಟಕಿಯಿಂದ ಎಷ್ಟು ದೂರ ಇರಬೇಕು, ಬೆಳಕು ಯಾವ ಕಡೆಯಿಂದ ಬೀಳಬೇಕು ಎಂದು ಅಲ್ಲಿ ದಿನವೂ ಜಗಳ. ನೀನು ಒಮ್ಮೆ ಬಂದು ತೋರಿಸಿದರೆ ಎಲ್ಲರೂ ಕೇಳುತ್ತಾರೆ. ನಾನೂ ಕೇಳುತ್ತೇನೆ. ನಿಜ ಹೇಳಬೇಕೆಂದರೆ ಮನೆಗಳು ತುಂಬುವುದಕ್ಕಿಂತ ನೀನು ಬರುವುದೇ ನನಗೆ ಹೆಚ್ಚಿನ ಆಸೆ. ಕಾರು ಕಳಿಸಲೋ, ನಾನೇ ಬರಲೋ, ಮೊಮ್ಮಗಳು ಸೌಂದರ್ಯಾಳ ಕೈಯಲ್ಲಿ ಒಂದು ಸಾಲು ಬರೆಸಿ ಕಳಿಸು.

ಸೌಂದರ್ಯಾ ಐದನೆಯ ತರಗತಿಯಲ್ಲಿ ಛಲೋ ಮಾರ್ಕ್ಸ್ ತೆಗೆದಳೆಂದು ಕೇಳಿದೆ. ಅವಳು ನೂರು ವರ್ಷ ಬಾಳಲಿ, ಮನಸ್ಸಿಗೆ ಬಂದದ್ದನ್ನು ಓದಲಿ. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ತಮ್ಮ,
ಗಿರಮಲ್ಲಪ್ಪ

ತಾ.ಕ.: ಸೌಂದರ್ಯಾ ಹುಟ್ಟಿದ ವರ್ಷ ನಿನ್ನ ಮಗಳ ಹೆರಿಗೆ ದಿನಕ್ಕೆ ಮುಂಚೆ ಬಂತೆಂದು, ಅವ್ವ ಅರ್ಧ ನೇಯ್ದ ಸೀರೆಯನ್ನು ಮಗ್ಗದ ಮೇಲೆಯೇ ಬಿಟ್ಟು ನಿನ್ನ ಮನೆಗೆ ಬಂದಿದ್ದಳು. ಅವಳು ತಿರುಗಿ ಬರುವಷ್ಟರಲ್ಲಿ ನಮ್ಮ ಬನಹಟ್ಟಿಯ ಮನೆಯನ್ನು ಹೊಸದು ಮಾಡಿ ತೋರಿಸಬೇಕೆಂಬ ಹುಚ್ಚು ನನಗೆ. "ಮಗ್ಗ ಒಂದ ಮುಟ್ಟಬ್ಯಾಡ" ಎಂದು ನೀನು ಫೋನಿನಲ್ಲಿ ಹೇಳಿದೆ. ಕೆಲಸದವರು ತಿಳಿಯದೆ ಮಗ್ಗದ ಮೇಲಿನ ಹಾಸು ಎಳೆಗಳನ್ನು ಕತ್ತರಿಸಿ ತಗ್ಗು ಮುಚ್ಚಿದರು ಎಂದು ಆಮೇಲೆ ನಿಮಗೆಲ್ಲ ಹೇಳಿದೆ. ಅದು ಸುಳ್ಳು. ಮೇಸ್ತ್ರಿ ಕೈ ಮುಗಿದು, "ನೇಯೂ ಸೀರಿಗೆ ಕತ್ತರಿ ಹಚ್ಚೂದು ನಮ್ಮಿಂದ ಆಗೂದಿಲ್ಲರಿ" ಎಂದು ಹಿಂದೆ ಸರಿದಿದ್ದ. ನಾನೇ ಕತ್ತರಿಸಿದೆ. ಅವ್ವ ಬಂದು ಹೊಸ ನೆಲ ನೋಡಿದಳು, ಆ ಅರ್ಧ ಸೀರೆಯ ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸಿದಳು. "ಗಾರೆಯಾಂವ ಆದ್ರೂ ನೇಕಾರನಂಗ ಕತ್ತರಿಸ್ಯಾನ ನೋಡು, ಒಂದ ಎಳಿ ಆಚೀಚೆ ಆಗಿಲ್ಲ" ಎಂದಳು. ಮುಂದೆ ನಾಲ್ಕು ವರ್ಷ ಬದುಕಿದಳು, ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಒಪ್ಪಿಕೊಳ್ಳಲಿಲ್ಲ. ಅವಳು ನಿನಗೆ ಹೇಳಿದ್ದಳೇ, ಅಕ್ಕ?