ಟ್ರಂಕು ಕೇಳಿಕೊಂಡು ಬಂದವರು

ಅಜ್ಜಂಪುರ
೧೬-೯-೧೯೮೧, ಬುಧವಾರ

ಮುದ್ದಿನ ಮಗಳು ಪಂಕಜಾಕ್ಷಿಗೆ, ಮಂಚದ ಮೇಲೆ ಕಾಲು ಚಾಚಿಕೊಂಡು ಕೂತಿರುವ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಕೆಮ್ಮು ಇಳಿಯಿತೇ? ಗೌರಿ ಹಬ್ಬಕ್ಕೆ ಬಂದಾಗ ಎರಡು ರಾತ್ರಿಯೂ ಕೆಮ್ಮಿದ್ದೀಯ. ದೋಣಿಯಲ್ಲಿ ಹೋಗುವಾಗ ತಲೆಗೆ ಬಟ್ಟೆ ಕಟ್ಟಿಕೋ ಅಂದರೆ ನಗುತ್ತೀಯ, ನನ್ನ ಮಾತು ಯಾವತ್ತು ಕೇಳಿದವಳು ನೀನು? ನನ್ನ ಕಾಲಿನ ಪಟ್ಟಿ ಇನ್ನೂ ಬಿಚ್ಚಿಲ್ಲ. ಮೂವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿ, ಈ ವಯಸ್ಸಿನಲ್ಲಿ ನನ್ನ ಅಟ್ಟದ ಏಣಿಯಿಂದ ನಾನೇ ಬಿದ್ದೆನಲ್ಲ, ನಾಚಿಕೆಗೇಡು. ಇನ್ನೂ ಮೂರು ವಾರ ಕದಲಬಾರದು ಅಂತಾರೆ ಡಾಕ್ಟರು. ನಿಮ್ಮಮ್ಮ ಗಟ್ಟಿಮುಟ್ಟಾಗಿದ್ದಾಳೆ, ಆದರೆ ಸೋಮವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ತಟ್ಟೆ ತಂದು ಕುಕ್ಕಿ ಹೋಗುತ್ತಾಳೆ. ಯಾಕೆ ಅಂತ ಹೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನೀನು ಮಂಗಳೂರಿನ ಮೀನುಗಾರಿಕೆ ಕಾಲೇಜು ಸೇರಿದಾಗ ಊರಿಗೆಲ್ಲ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ ಅಂತ ಹೇಳಿದೆ. ಸುಳ್ಳೇನಲ್ಲ, ನಿಮ್ಮ ಕಾಲೇಜು ಅದಕ್ಕೇ ಸೇರಿದ್ದು. ಆದರೂ ನಿಜ ಹೇಗೋ ಹೊರಬಿತ್ತು. ನಮ್ಮ ದಾಯಾದಿ ಜಯದೇವಪ್ಪ ಸೊಸೈಟಿ ಕಟ್ಟೆಯ ಮೇಲೆ ಹತ್ತು ಜನರ ಎದುರಿಗೆ, "ಏನಪ್ಪಾ ಷಣ್ಮುಖಾ, ಲಿಂಗ ಕಟ್ಕೊಂಡ ಮಗ್ಳು ಮೀನ್ ಅಳೀತಾಳಂತೆ?" ಅಂದ. ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ. ನಿನಗೆ ಎರಡು ವರ್ಷ ಕಾಗದವನ್ನೂ ಬರೆಯಲಿಲ್ಲ. ಈ ಹಬ್ಬದಲ್ಲಿ ನೀನು ನನ್ನ ಮಂಚದ ಪಕ್ಕ ಕೂತು ಆ ಟ್ರಂಕು ತೆರೆದೆಯಲ್ಲ, ಆಗ ನನ್ನ ತಲೆಗೆ ಹತ್ತಿತು. ಸೀಸೆಯಲ್ಲಿ ಕಿರುಬೆರಳಿನಷ್ಟೂ ಇಲ್ಲದ ಮರಿಗಳು, ಹೆಸರುಕಾಳೂ ನುಸುಳದ ಬಲೆಯ ತುಂಡುಗಳು, ಮೀನು ಮೊಟ್ಟೆಯಿಡುವ ಮಳೆಗಾಲದಲ್ಲೇ ಕಡಲಿಗಿಳಿದ ದೋಣಿಗಳ ನಂಬರು ಇರುವ ಪುಸ್ತಕಗಳು. ಮೂರು ತಿಂಗಳು ಮಳೆಯಲ್ಲಿ ನಿಂತು ಬರೆದದ್ದು. "ಹೊಂಬಾಳೆ ಕಡ್ದು ಮಾರ್ಕೊಂಡ್ರೆ ಕಾಯಿ ಎಲ್ಲಿಂದ ಬರುತ್ತಪ್ಪಾ?" ಅಂದೆ ನೀನು. ತೆಂಗಿನ ವ್ಯಾಪಾರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕೇ? ಇಪ್ಪತ್ತೊಂದನೇ ತಾರೀಕು ಬೆಂಗಳೂರಿನ ವಿಚಾರಣೆಯಲ್ಲಿ ಈ ಪುಸ್ತಕಗಳು ಸಾಕ್ಷಿಯಾಗಿ ನಿಂತರೆ ಮಳೆಗಾಲದಲ್ಲಿ ಕಡಲಿಗೆ ಇಳಿಯದಂತೆ ಆರ್ಡರ್ ಆಗುತ್ತದೆ, ನಿನ್ನ ಕೆಲಸವೂ ಕಾಯಂ ಆಗುತ್ತದೆ ಅಂದಿದ್ದೆ. ಅವತ್ತು ನನಗೆ ಎಷ್ಟು ಹೆಮ್ಮೆಯಾಯಿತೆಂದು ನಿನ್ನೆದುರು ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವಾಗ ನೀನು ಹೇಳಿದ್ದೂ ನೆನಪಿದೆ. "ಅಪ್ಪಾ, ನನ್ ರೂಮಿನ ಬೀಗ ಎರಡ್ ಸಲ ಒಡ್ದವ್ರೆ. ಟ್ರಂಕು ಇಲ್ಲೇ ಇರ್ಲಿ, ಈ ಪುಸ್ತಕಗಳಿಗೆ ನಕಲಿಲ್ಲ. ದೋಣಿ ಮಾಲೀಕರ ಕಡೆಯವ್ರು ಯಾರೇ ಬಂದ್ರೂ ಕೊಡ್ಬೇಡಿ." ಮರೆತಿಲ್ಲಮ್ಮ, ಅಕ್ಷರ ಅಕ್ಷರ ನೆನಪಿದೆ.

ಸೋಮವಾರ ಹನ್ನೊಂದರ ಹೊತ್ತಿಗೆ ಇಬ್ಬರು ಬಂದರು. ನಿನ್ನ ಮಂಗಳೂರಿನ ಮೀನುಗಾರಿಕೆ ಆಫೀಸಿನವರಂತೆ, ರೈಲಿನಲ್ಲಿ ಬಂದರಂತೆ. ಪಂಕಜಾಕ್ಷಿ ಮೇಡಂ ವಿಚಾರಣೆಗೆ ಟ್ರಂಕು ತರಲು ಕಳಿಸಿದ್ದಾರೆ ಅಂದರು. ನಾನು ಹಾಗೆಲ್ಲ ಕೊಡುವವನಲ್ಲ, ನೂರೆಂಟು ಕೇಳಿದೆ. ಆದರೆ ಹಣೆ ತುಂಬ ವಿಭೂತಿ ಕಣಮ್ಮ. ಮಾತೂ ಘಟ್ಟದ ಕೆಳಗಿನದಲ್ಲ, ನಮ್ಮ ಕಡೆಯದೇ. ನಮ್ಮ ಮಠದ ಹೆಸರು ಗೊತ್ತು. ಊಟಕ್ಕೆ ಏಳಿ ಅಂದರೆ, ಪೂಜೆಯಾಗಬೇಕು, ನೀರು ವಿಭೂತಿ ಕೊಡಿ ಅಂದರು. ಕೊರಳಿನ ಕರಡಿಗೆ ಬಿಚ್ಚಿ, ಲಿಂಗ ಅಂಗೈಯಲ್ಲಿಟ್ಟು, ಕಣ್ಣು ಮುಚ್ಚಿದರು. ನನ್ನ ಅನುಮಾನವೆಲ್ಲ ಅಲ್ಲಿಗೆ ಮುಗಿಯಿತು. ಮೀನಿನ ದೋಣಿಯವರ ಕಡೆಯವರಾದರೆ ಲಿಂಗಪೂಜೆ ಮಾಡದೆ ಅನ್ನ ಮುಟ್ಟುವುದಿಲ್ಲ ಅಂತ ಕೂರುತ್ತಾರೆಯೇ, ನೀನೇ ಹೇಳು. ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ನಾಳೆ ಪಾದಪೂಜೆಗೆ ಅಯ್ಯನವರು ಬರುವವರಿದ್ದಾರೆ, ಸೀಸೆಗಳ ನಾತ ನಡುಮನೆಯವರೆಗೂ ಬರುತ್ತಿತ್ತು. ಟ್ರಂಕು ಹೋದರೆ ಸಾಕಪ್ಪಾ ಅಂತಲೂ ಅನ್ನಿಸಿತ್ತು.

ಕೊಟ್ಟೆ. ಬೀಗದ ಕೈಯನ್ನೂ ಕೊಟ್ಟೆ. ಹಿರಿಯವನು ಅಲ್ಲೇ ತೆರೆದು, ಒಂದು ಪುಸ್ತಕ ತಿರುವಿ, ಒಂದು ದೋಣಿಯ ನಂಬರನ್ನು ಓದಿ ಇನ್ನೊಬ್ಬನ ಮುಖ ನೋಡಿದ. ಇಬ್ಬರೂ ನಕ್ಕರು. ಆಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ ನಿನ್ನ ಕಷ್ಟಸುಖ ವಿಚಾರಿಸಿದರು. ನಾನೂ ಹೆಮ್ಮೆಯಿಂದ ಬಾಯಿ ಬಿಟ್ಟೆ. ನನ್ನ ಮಗಳು ಪ್ರತಿ ಶುಕ್ರವಾರ ಬೆಳಗಿನ ಜಾವ ನಾಲ್ಕಕ್ಕೆ ಒಬ್ಬ ಮುದುಕ ಅಂಬಿಗನ ಜೊತೆ ಸಣ್ಣ ದೋಣಿಯಲ್ಲಿ ಕಡಲಿಗೆ ಹೋಗುತ್ತಾಳೆ, ನೀಲಿ ಬಣ್ಣದ ದೋಣಿ, ಗಂಡಸರಿಗೂ ಇಲ್ಲದ ಧೈರ್ಯ ಅವಳಿಗೆ ಅಂದೆ. "ಜ್ವಾಪಾನವಾಗಿರಕ್ ಹೇಳಿ ಯಜಮಾನ್ರೇ, ಕಡಲಾಗೆ ಏನಾದ್ರೂ ಆದ್ರೆ ಗುರ್ತೂ ಸಿಗಲ್ಲ" ಅಂದ ಹಿರಿಯವನು. ಎಷ್ಟು ಕಾಳಜಿಯ ಮನುಷ್ಯ ಅಂದುಕೊಂಡೆ.

ಅವರು ಅತ್ತ ಹೋದರೋ ಇಲ್ಲವೋ, ನಿಮ್ಮಮ್ಮ ಅಡಿಗೆಮನೆಯಿಂದ ಬಂದು, "ರೀ, ಆವಯ್ಯ ಲಿಂಗ ಬಲಗೈಯಾಗ್ ಇಟ್ಕೊಂಡಿದ್ದ ಕಣ್ರೀ" ಅಂದಳು. ಹುಟ್ಟಿದಾಗಿನಿಂದ ಲಿಂಗ ಕಟ್ಟಿದವನು ಎಡ ಅಂಗೈ ಬಿಟ್ಟು ಬಲಗೈಯಲ್ಲಿ ಇಡುವುದುಂಟೇ ಅಂತ ಅವಳ ವಾದ. ಎಡಗೈಗೆ ಏಟಾಗಿರಬಹುದು, ಬಂದ ನೆಂಟರಲ್ಲಿ ಹುಳುಕು ಹುಡುಕಬೇಡ ಅಂತ ರೇಗಿದೆ. ಅವತ್ತಿನಿಂದ ಮಾತಿಲ್ಲ. ಎರಡು ರಾತ್ರಿಯಿಂದ ನನಗೂ ನಿದ್ದೆ ಸರಿಯಾಗಿ ಹತ್ತುತ್ತಿಲ್ಲ, ಕಾಲುನೋವು ಅಂತ ಹೇಳಿಕೊಳ್ಳುತ್ತಿದ್ದೇನೆ. ಅವರಿಬ್ಬರೂ ನಿನ್ನ ಆಫೀಸಿನವರೇ, ಟ್ರಂಕು ಕೈಸೇರಿತು ಅಂತ ಒಂದೇ ಒಂದು ಸಾಲು ಬರೆದು ಹಾಕು. ನಿಮ್ಮಮ್ಮನ ಮುಂದೆ ಹಿಡಿಯುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೆಲಸ ಗೆಲ್ಲಲಿ, ನೂರು ಕಾಲ ಬಾಳು ಮಗಳೇ.

ನಿನ್ನ ಅಪ್ಪ,
ಷಣ್ಮುಖಪ್ಪ

ಮರೆತ ಮಾತಲ್ಲ, ಈಗ ತಿಳಿದ ಮಾತು: ಕವರಿಗೆ ಅಂಟು ಹಚ್ಚುವಾಗ ಈರುಳ್ಳಿ ಲಾರಿಯ ಕೆಂಚಪ್ಪ ಬಂದ. ಕೆರೆ ಏರಿಯ ಹಿಂದೆ ಬೂದಿಗುಡ್ಡೆಯಲ್ಲಿ ಸಿಕ್ಕಿತೆಂದು ಪುಸ್ತಕದ ಸುಟ್ಟ ರಟ್ಟೊಂದನ್ನು ಕೊಟ್ಟ. ನಿನ್ನ ಅಕ್ಷರ. ಸುತ್ತ ಒಡೆದ ಸೀಸೆಗಳಂತೆ. ಸೋಮವಾರ ಮಧ್ಯಾಹ್ನ ಅಲ್ಲಿಂದ ಒಂದು ಜೀಪು ಕಡೂರಿನ ಕಡೆ ಹೋದದ್ದನ್ನು ಇವನೇ ನೋಡಿದ್ದಾನೆ. ತಂತಿ ಕೊಡೋಣವೆಂದರೆ ನಿನ್ನೆಯಿಂದ ಲೈನು ಸತ್ತಿದೆ. ಕೆಂಚಪ್ಪ ಈಗಲೇ ಮಂಗಳೂರಿಗೆ ಹೊರಡುತ್ತಿದ್ದಾನೆ, ಇದನ್ನು ಅವನ ಕೈಯಲ್ಲೇ ಕೊಡುತ್ತಿದ್ದೇನೆ. ಘಟ್ಟದಲ್ಲಿ ಮಣ್ಣು ಕುಸಿದು ಲಾರಿಗಳು ನಿಂತಿವೆಯಂತೆ. "ಹೆಂಗಾರ ಮಾಡಿ ಶುಕ್ರವಾರ ಬೆಳಗಾಗೋದ್ರೊಳಗೆ ಮುಟ್ಟಿಸ್ತೀನಿ ಯಜಮಾನ್ರೇ" ಅನ್ನುತ್ತಾನೆ. ನಾಲ್ಕು ಗಂಟೆಗೆ ಮೊದಲೇ ಮುಟ್ಟಿಸು ಕಣೋ ಅಂತ ಕೈ ಮುಗಿದಿದ್ದೇನೆ. ಪುಸ್ತಕ ಹೋದರೆ ಹೋಗಲಿ, ಕೆಲಸ ಹೋದರೆ ಹೋಗಲಿ. ದೋಣಿ ಹತ್ತಬೇಡ ಪಂಕಜಾ. ದಿನ, ಹೊತ್ತು, ದೋಣಿಯ ಬಣ್ಣ ಎಲ್ಲವನ್ನೂ ಅವರಿಗೆ ನಾನೇ ಹೇಳಿಬಿಟ್ಟಿದ್ದೇನೆ.